ಬೆಲೆ ಲಕ್ಷ, ಬೇಕಾದದ್ದು ನಾಪತ್ತೆ

2017ರಲ್ಲಿ ಭಾರತದ ಮಾರುಕಟ್ಟೆಗೆ ಎರಡು ಫೋನ್‌ಗಳು ಬಂದವು. ಒಂದು ಜಿಯೋಫೋನ್. ಮುಂದೆ ವಾಪಸು ಕೊಡುತ್ತೇವೆಂದು ಹೇಳಿ ಕಟ್ಟಿಸಿಕೊಳ್ಳುತ್ತಿದ್ದ 1,500 ರೂಪಾಯಿ ಠೇವಣಿಗೆ ಕೈಸೇರುತ್ತಿದ್ದ ಗುಂಡಿ ಒತ್ತುವ ಫೋನ್ ಅದು. ಇನ್ನೊಂದು ಐಫೋನ್ ಎಕ್ಸ್. ಅದರ ಬೆಲೆ 89,000 ರೂಪಾಯಿಯಿಂದ ಶುರು. ಫೋಟೊ, ವಿಡಿಯೊ ತುಂಬಿಕೊಳ್ಳಲು ಹೆಚ್ಚು ಜಾಗ ಬೇಕೆಂದವರು 1,02,000 ರೂಪಾಯಿ ಎಣಿಸಬೇಕಿತ್ತು. ಮೊದಲನೆಯದರಲ್ಲಿ ಎಫ್‌ಎಂ ರೇಡಿಯೊ ಇತ್ತು. ಮಾಮೂಲಿ ಇಯರ್‌ಫೋನ್ ಸಿಕ್ಕಿಸುವ ತೂತಿತ್ತು. ಮೆಮೊರಿ ಕಾರ್ಡ್ ಹಾಕಬಹುದಿತ್ತು. ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿಯನ್ನು ನಾವೇ ಬದಲಾಯಿಸಬಹುದಿತ್ತು. ಎರಡನೆಯದರಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಇವೆರಡನ್ನು ತಕ್ಕಡಿಗೆ ಹಾಕುವುದು ನ್ಯಾಯವಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಐಫೋನ್ ಎಕ್ಸ್‌ನ ಕ್ಯಾಮೆರಾ, ಪರದೆ, ಮುಖ ನೋಡಿ ಬೀಗ ತೆಗೆಯುವ ಚಮತ್ಕಾರ ಜಿಯೋಫೋನ್‌ನ ಕಲ್ಪನೆಗೂ ನಿಲುಕದವು. ಆದರೆ ದುಬಾರಿ ಫೋನ್ ಕೊಂಡವರು ಸಿಟ್ಟಾಗುವುದು ಚಮತ್ಕಾರ ಸಾಲದೆಂದಲ್ಲ. ‘ಇಷ್ಟು ದುಡ್ಡು ಸುರಿದಿದ್ದೀನಿ, ಇದೊಂದೂ ಇಲ್ವಾ?’ ಎಂಬುದು ಅವರ ಗೋಳು. ಎಷ್ಟೋ ವರ್ಷ ಕರೆ ರೆಕಾರ್ಡ್ ಆಗುತ್ತಿರಲಿಲ್ಲ, ಡಬ್ಬದಲ್ಲಿ ಚಾರ್ಜರ್ ಇಲ್ಲ, ಇಷ್ಟದ ಹಾಡನ್ನು ರಿಂಗ್‌ಟೋನ್ ಮಾಡಿಕೊಳ್ಳಲು ಹೋದರೆ ಅರ್ಧ ದಿನ ಹಾಳಾಗುತ್ತಿತ್ತು. ಪಕ್ಕದ ಮನೆಯ ಹುಡುಗನ ಹನ್ನೆರಡು ಸಾವಿರದ ಫೋನ್ ಇವನ್ನೆಲ್ಲ ಸದ್ದಿಲ್ಲದೆ ಮಾಡುತ್ತಿತ್ತು.

ಇಂಥ ಕೊರತೆಗಳ ಹಿಂದೆ ತಾಂತ್ರಿಕ ಅಸಹಾಯಕತೆ ಇರುವುದು ಅಪರೂಪ. ಹನ್ನೆರಡು ಸಾವಿರದ ಫೋನ್‌ಗೆ ಸಾಧ್ಯವಾದದ್ದು ಲಕ್ಷದ ಫೋನ್‌ಗೆ ಅಸಾಧ್ಯವೇನಲ್ಲ. ಯಾರೋ ಎಲ್ಲೋ ಕೂತು ಲೆಕ್ಕ ಹಾಕಿ ‘ಇದು ಬೇಡ’ ಎಂದಿರುತ್ತಾರೆ. ಆ ಲೆಕ್ಕ ಒಂದೇ ಬಗೆಯದಲ್ಲ. ಅದನ್ನು ಬಿಡಿಸಿ ನೋಡಿದರೆ ನಮ್ಮ ಸಿಟ್ಟು ಯಾವ ಕಡೆ ತಿರುಗಬೇಕು, ಯಾವಾಗ ಫಲ ಕೊಡುತ್ತದೆ ಎಂಬುದೂ ತಿಳಿಯುತ್ತದೆ.

ಕಾಪಿ-ಪೇಸ್ಟ್ ಇಲ್ಲದ ಕ್ರಾಂತಿ

ಇದು ಇತ್ತೀಚಿನ ರೋಗವೇನಲ್ಲ, ಸ್ಮಾರ್ಟ್‌ಫೋನ್‌ಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. 2007ರ ಜನವರಿ 9ರಂದು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಮೊದಲ ಐಫೋನ್ ಎತ್ತಿ ತೋರಿಸಿದಾಗ ಜಗತ್ತು ಬೆರಗಾಯಿತು. ಅಮೆರಿಕದಲ್ಲಿ ಅದರ ಬೆಲೆ 499 ಮತ್ತು 599 ಡಾಲರ್. ಅದರ ಮೇಲೆ ಎರಡು ವರ್ಷದ ಕರಾರು ಬೇರೆ. ಅಷ್ಟು ಕೊಟ್ಟವರು ಆ ಫೋನಿನಲ್ಲಿ ವಿಡಿಯೊ ತೆಗೆಯುವಂತಿರಲಿಲ್ಲ, ಫೋಟೊವನ್ನು ಎಂಎಂಎಸ್ ಮಾಡುವಂತಿರಲಿಲ್ಲ. 3ಜಿ ಇರಲಿಲ್ಲ. ಒಂದು ಕಡೆಯ ಅಕ್ಷರಗಳನ್ನು ಇನ್ನೊಂದು ಕಡೆಗೆ ನಕಲು ಮಾಡುವ ಕಾಪಿ-ಪೇಸ್ಟ್ ಕೂಡ ಇರಲಿಲ್ಲ. ಅದೇ ವರ್ಷ ಅಂಗಡಿಗಳಲ್ಲಿದ್ದ ನೋಕಿಯಾ ಎನ್95ರಲ್ಲಿ 3ಜಿ, ಜಿಪಿಎಸ್, ವಿಡಿಯೊ ಎಲ್ಲವೂ ಇದ್ದವು. ಐಫೋನ್‌ಗೆ ಕಾಪಿ-ಪೇಸ್ಟ್ ಬಂದದ್ದು 2009ರ ಜೂನ್‌ನಲ್ಲಿ.

2008ರ ಆಗಸ್ಟ್‌ನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂತು. ಏರ್‌ಟೆಲ್ ಮತ್ತು ವೊಡಾಫೋನ್ ಅದನ್ನು 31,000 ರೂಪಾಯಿಗೆ ಮಾರಿದವು. ಈ ಸಲ ತಮಾಷೆ ತಿರುಗುಮುರುಗಾಯಿತು. ಫೋನಿನ ಹೆಸರಿನಲ್ಲೇ 3ಜಿ ಇತ್ತು, ದೇಶದಲ್ಲಿ 3ಜಿ ಸೇವೆಯೇ ಇನ್ನೂ ಶುರುವಾಗಿರಲಿಲ್ಲ.

ಟಾರ್ಚ್‌ನ ಕಥೆ ಇನ್ನೂ ಚೆನ್ನಾಗಿದೆ. ಕರೆಂಟು ಹೋಗುವ ಊರುಗಳ ಕಷ್ಟ ಬಲ್ಲವರಂತೆ ನೋಕಿಯಾ 2003ರಲ್ಲಿ ತನ್ನ 1100 ಫೋನಿನ ತಲೆಯ ಮೇಲೆ ಪುಟ್ಟ ದೀಪ ಇಟ್ಟಿತು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು. ಹಳ್ಳಿಗಳಲ್ಲಿ ರಾತ್ರಿ ಪಂಪ್‌ಸೆಟ್ ಹಾಕಲು ಗದ್ದೆಗೆ ಹೋಗುವವರ ಕೈಯಲ್ಲಿ ಟಾರ್ಚ್ ಮರೆಯಾಗಿ ಫೋನ್ ಬಂದದ್ದು ಆ ಕಾಲದಲ್ಲೇ. ಐಫೋನ್‌ಗೆ ಎಲ್‌ಇಡಿ ದೀಪ ಬಂದದ್ದು 2010ರಲ್ಲಿ. ಅದನ್ನು ಬೇರೆ ಆ್ಯಪ್‌ನ ಹಂಗಿಲ್ಲದೆ ಟಾರ್ಚ್‌ನಂತೆ ಬೆಳಗಿಸಲು 2013ರವರೆಗೆ ಕಾಯಬೇಕಾಯಿತು. ದೀಪ ಇತ್ತು, ಸ್ವಿಚ್ ಇರಲಿಲ್ಲ.

ಪಟ್ಟಿ ಹೀಗೇ ಬೆಳೆಯುತ್ತದೆ. 2010ರಲ್ಲಿ ಬಂದ ಐಪ್ಯಾಡ್‌ಗೆ ಕ್ಯಾಲ್ಕುಲೇಟರ್ ಸಿಕ್ಕಿದ್ದು 2024ರಲ್ಲಿ. ಅಂಕಿಗಳನ್ನು ಒತ್ತುತ್ತಿದ್ದಂತೆ ಹೆಸರು ಹುಡುಕಿಕೊಡುವ ಟಿ9 ಡಯಲಿಂಗ್, ಹಳೆಯ ಕೀಪ್ಯಾಡ್ ಕಾಲದ ಸೌಲಭ್ಯ, ಐಫೋನ್‌ಗೆ ಬಂದದ್ದೂ 2024ರಲ್ಲೇ. ಆ್ಯಪ್ ಚಿತ್ರಗಳನ್ನು ಪರದೆಯ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳುವ ಸ್ವಾತಂತ್ರ್ಯಕ್ಕೂ ಅದೇ ವರ್ಷ ಬಿಡುಗಡೆ. ರಿಂಗ್‌ಟೋನ್ ವಿಷಯವಂತೂ ಬಲು ವಿಚಿತ್ರ. ತನ್ನ ಬಳಿಯಿರುವ ಹಾಡೊಂದನ್ನು ರಿಂಗ್‌ಟೋನ್ ಮಾಡಿಕೊಳ್ಳಲು ಐಫೋನ್ ಬಳಕೆದಾರ ಎಷ್ಟೋ ವರ್ಷ ಸಂಗೀತ ಸಂಯೋಜಿಸುವ ಗ್ಯಾರೇಜ್‌ಬ್ಯಾಂಡ್ ಆ್ಯಪ್ ತೆರೆದು, ಹಾಡನ್ನು ಕತ್ತರಿಸಿ, ಬೇರೆ ರೂಪಕ್ಕೆ ತಿರುಗಿಸಿ ಒದ್ದಾಡಬೇಕಿತ್ತು. ಇಲ್ಲವೇ ಕಂಪ್ಯೂಟರ್‌ಗೆ ಜೋಡಿಸಬೇಕಿತ್ತು.

ಉಪ್ಪಿಗೆ ಚಪ್ಪಾಳೆ ಇಲ್ಲ

ಇಷ್ಟು ಸಣ್ಣ ಕೆಲಸಕ್ಕೆ ಹತ್ತು ಹದಿನಾಲ್ಕು ವರ್ಷ ಏಕೆ? ಒಂದು ಉತ್ತರ ಜಪಾನಿನಿಂದ ಸಿಗುತ್ತದೆ. ಗ್ರಾಹಕರ ತೃಪ್ತಿ ಹೇಗೆ ಹುಟ್ಟುತ್ತದೆ ಎಂಬುದನ್ನು ಅಧ್ಯಯನ ಮಾಡಿದ ಪ್ರಾಧ್ಯಾಪಕ ನೊರಿಯಾಕಿ ಕಾನೊ 1984ರಲ್ಲಿ ಒಂದು ವಿಂಗಡಣೆ ಮುಂದಿಟ್ಟರು. ಅವರ ಪ್ರಕಾರ ವಸ್ತುವಿನ ಗುಣಗಳೆಲ್ಲ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಕೆಲವು ಹೆಚ್ಚಿದಷ್ಟೂ ಖುಷಿ ಹೆಚ್ಚುತ್ತದೆ. ಬ್ಯಾಟರಿ ಬಾಳಿಕೆ ಅಂಥದ್ದು. ಕೆಲವು ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಇದ್ದರೆ ಕಣ್ಣರಳಿಸುತ್ತಾರೆ. ಮೂರನೆಯ ಬಗೆಯದು ಇರಲೇಬೇಕಾದದ್ದು. ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಬೈಯುತ್ತಾರೆ. ಸಾರಿನಲ್ಲಿ ಉಪ್ಪಿದ್ದಂತೆ.

ಫೋನ್ ಕಂಪನಿಗಳ ವರ್ಷದ ಬದುಕು ನಡೆಯುವುದು ಬಿಡುಗಡೆಯ ವೇದಿಕೆಯ ಸುತ್ತ. ಒಂದೂವರೆ ಗಂಟೆಯ ಆ ಪ್ರದರ್ಶನದಲ್ಲಿ ಕಣ್ಣರಳಿಸುವ ಸಂಗತಿಗಳಿಗೆ ಜಾಗವುಂಟು, ಉಪ್ಪಿಗಿಲ್ಲ. ‘ಈ ವರ್ಷ ನಮ್ಮ ಫೋನಿನಲ್ಲಿ ಟಾರ್ಚ್‌ಗೆ ಸ್ವಿಚ್ ಕೊಟ್ಟಿದ್ದೇವೆ’ ಎಂದು ಯಾರು ತಾನೇ ಎದೆಯುಬ್ಬಿಸಿ ಹೇಳಿಯಾರು? ಎಂಜಿನಿಯರ್‌ಗಳ ಸಮಯಕ್ಕೂ ಮಿತಿಯಿದೆ. ಹೊಗಳಿಕೆ ತಾರದ ಕೆಲಸ ಪ್ರತಿ ವರ್ಷ ಪಟ್ಟಿಯ ಕೊನೆಗೆ ಜಾರುತ್ತದೆ.

ಐಪ್ಯಾಡ್ ಕ್ಯಾಲ್ಕುಲೇಟರ್ ಇದಕ್ಕೆ ತಕ್ಕ ಸಾಕ್ಷಿ. ಅದು ಏಕಿಲ್ಲ ಎಂದು 2020ರಲ್ಲಿ ಕೇಳಿದಾಗ ಆ್ಯಪಲ್‌ನ ತಂತ್ರಾಂಶ ಮುಖ್ಯಸ್ಥ ಕ್ರೇಗ್ ಫೆಡರಿಘಿ, ನಿಜಕ್ಕೂ ಶ್ರೇಷ್ಠವಾಗಿ ಮಾಡಲು ಆಗದ ಹೊರತು ಮಾಡುವುದು ಬೇಡವೆನ್ನುವ ಅರ್ಥದ ಉತ್ತರ ಕೊಟ್ಟಿದ್ದರು. ಕೊನೆಗೆ 2024ರಲ್ಲಿ ಅದು ಬಂದಾಗ ಬರೀ ಕ್ಯಾಲ್ಕುಲೇಟರ್ ಆಗಿ ಬರಲಿಲ್ಲ. ಪರದೆಯ ಮೇಲೆ ಪೆನ್ಸಿಲ್‌ನಿಂದ ಲೆಕ್ಕ ಬರೆದು ಸಮಚಿಹ್ನೆ ಎಳೆದರೆ ನಮ್ಮದೇ ಕೈಬರಹದ ಧಾಟಿಯಲ್ಲಿ ಉತ್ತರ ಮೂಡಿಸುವ ಜಾಣತನದ ಜತೆ ಬಂತು. ವೇದಿಕೆ ಹತ್ತುವಷ್ಟು ಅಲಂಕಾರ ಸಿಕ್ಕಿದ ಮೇಲೆ ಕೂಡುವ ಕಳೆಯುವ ಯಂತ್ರಕ್ಕೆ ಪ್ರವೇಶ ಸಿಕ್ಕಿತು.

ಚಾವಣಿ ಇಲ್ಲದ ರೈಲು ಬೋಗಿ

ಮರೆತು ಬಿಟ್ಟದ್ದು ಒಂದು ಬಗೆಯಾದರೆ ಬೇಕೆಂದೇ ಬಿಟ್ಟದ್ದು ಇನ್ನೊಂದು. ಇದರ ಗುಟ್ಟನ್ನು ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ಯುಯಿ 1849ರಲ್ಲೇ ಒಡೆದಿಟ್ಟರು. ಆಗ ರೈಲಿನ ಮೂರನೇ ದರ್ಜೆಯ ಬೋಗಿಗಳಿಗೆ ಚಾವಣಿ ಇರುತ್ತಿರಲಿಲ್ಲ. ಬಡವರ ಬಗ್ಗೆ ಕಂಪನಿಗೆ ಎಂಥ ತಾತ್ಸಾರ ಎಂದು ಜನ ಬೇಸರಪಡುತ್ತಿದ್ದರು. ದ್ಯುಪ್ಯುಯಿ ಹೇಳಿದ್ದು ಬೇರೆಯೇ. ಚಾವಣಿ ಹಾಕಲು ಬೇಕಾದ ಹಣ ಕಂಪನಿಗೆ ದೊಡ್ಡದಲ್ಲ. ಬಡವರನ್ನು ನೋಯಿಸುವುದೂ ಅದರ ಉದ್ದೇಶವಲ್ಲ. ಎರಡನೇ ದರ್ಜೆಯ ದುಡ್ಡು ಕೊಡಬಲ್ಲವನು ಮೂರನೇ ದರ್ಜೆಗೆ ಇಳಿಯದಂತೆ ಹೆದರಿಸುವುದು ಅದರ ಲೆಕ್ಕ. ಮಳೆಯಲ್ಲಿ ನೆನೆಯುವವನು ಒಬ್ಬ, ಆ ಮಳೆ ಕಂಡು ಜೇಬಿಗೆ ಕೈಹಾಕಬೇಕಾದವನು ಇನ್ನೊಬ್ಬ.

ನೂರೈವತ್ತು ವರ್ಷ ದಾಟಿದರೂ ಈ ಲೆಕ್ಕ ಹಳತಾಗಿಲ್ಲ. 1990ರಲ್ಲಿ ಐಬಿಎಂ ನಿಮಿಷಕ್ಕೆ ಹತ್ತು ಪುಟ ಮುದ್ರಿಸುವ ಲೇಸರ್ ಪ್ರಿಂಟರ್‌ನ ಜತೆ ಐದು ಪುಟ ಮುದ್ರಿಸುವ ಅಗ್ಗದ ಮಾದರಿಯನ್ನೂ ಮಾರಿತು. ಒಳಗಿನ ಯಂತ್ರ ಬಹುತೇಕ ಒಂದೇ. ಅಗ್ಗದ್ದರಲ್ಲಿ ವೇಗ ತಗ್ಗಿಸುವ ಏರ್ಪಾಟನ್ನು ಬೇಕೆಂದೇ ಸೇರಿಸಲಾಗಿತ್ತು. ನಿಧಾನ ಮಾಡುವುದಕ್ಕೆ ಹೆಚ್ಚುವರಿ ಖರ್ಚು!

ಇಂದಿನ ಫೋನ್‌ಗಳಲ್ಲಿ ಈ ಮೆಟ್ಟಿಲು ಎಲ್ಲೆಲ್ಲೂ ಕಾಣುತ್ತದೆ. 2024ರಲ್ಲಿ 79,900 ರೂಪಾಯಿಗೆ ಬಿಡುಗಡೆಯಾದ ಐಫೋನ್ 16ರ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು. ಅದೇ ಹೊತ್ತಿಗೆ ಹದಿನೈದು ಸಾವಿರದ ಆಂಡ್ರಾಯ್ಡ್ ಫೋನ್‌ಗಳು 120 ಸಲ ಬದಲಿಸುತ್ತಿದ್ದವು. ಆ್ಯಪಲ್‌ಗೆ ಆ ವಿದ್ಯೆ ಗೊತ್ತಿರಲಿಲ್ಲವೇ? ತನ್ನದೇ ಹೆಚ್ಚು ಬೆಲೆಯ ಪ್ರೊ ಮಾದರಿಗೆ ಅದನ್ನು 2021ರಲ್ಲೇ ಕೊಟ್ಟಿತ್ತು. 2023ರ ಐಫೋನ್ 15ಕ್ಕೆ ಟೈಪ್-ಸಿ ಕಿಂಡಿ ಬಂತು; ಕಡತ ಸಾಗಿಸುವ ವೇಗ ಮಾತ್ರ ಹಳೆಯದೇ, ಸೆಕೆಂಡಿಗೆ 480 ಮೆಗಾಬಿಟ್. ಅದರ ಪ್ರೊ ಅಣ್ಣನಿಗೆ ಸಿಕ್ಕಿದ್ದು ಇಪ್ಪತ್ತು ಪಟ್ಟು ಹೆಚ್ಚು ವೇಗ. ಐಫೋನ್ 15ರಲ್ಲಿದ್ದ ಹಿಂದಿನ ವರ್ಷದ ಚಿಪ್‌ಗೆ ಆ ವೇಗ ಇರಲಿಲ್ಲ ಎಂಬುದು ತಾಂತ್ರಿಕ ಕಾರಣ. ಹಿಂದಿನ ವರ್ಷದ ಚಿಪ್ಪನ್ನೇ ಹಾಕಬೇಕೆಂಬ ತೀರ್ಮಾನ ವ್ಯಾಪಾರದ್ದು.

ಮೆಮೊರಿ ಕಾರ್ಡ್ ಮಾಯವಾದದ್ದನ್ನೂ ಈ ಬೆಳಕಿನಲ್ಲೇ ನೋಡಬೇಕು. ಸ್ಯಾಮ್ಸಂಗ್ ತನ್ನ ಗ್ಯಾಲಕ್ಸಿ ಎಸ್ ಸರಣಿಯಿಂದ 2015ರಲ್ಲಿ ಕಾರ್ಡ್ ಕಿಂಡಿ ತೆಗೆಯಿತು. ಗದ್ದಲವಾಯಿತೆಂದು 2016ರಲ್ಲಿ ಮರಳಿ ತಂದಿತು, 2021ರಲ್ಲಿ ಮತ್ತೆ ತೆಗೆಯಿತು. ಕಾರ್ಡ್‌ಗಳು ನಿಧಾನ, ಕೆಟ್ಟರೆ ಫೋಟೊಗಳೆಲ್ಲ ಹೋಗುತ್ತವೆ ಎಂಬ ವಾದ ಸುಳ್ಳಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ. 128 ಜಿಬಿಯ ಐಫೋನ್ 16ರಿಂದ 256 ಜಿಬಿಯದಕ್ಕೆ ಹತ್ತಲು 10,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ಅಷ್ಟೇ ಸಾಮರ್ಥ್ಯದ ಮೆಮೊರಿ ಕಾರ್ಡ್ ಆಗ ಅದರ ಒಂದು ಸಣ್ಣ ಪಾಲಿನ ಬೆಲೆಗೆ ಸಿಗುತ್ತಿತ್ತು. ಕಿಂಡಿ ಇದ್ದಿದ್ದರೆ ಎಷ್ಟು ಜನ ಆ ಹತ್ತು ಸಾವಿರ ಕೊಡುತ್ತಿದ್ದರು?

ತೂತು ಮುಚ್ಚಿತು, ರೇಡಿಯೊ ನಿಂತಿತು

2016ರ ಸೆಪ್ಟೆಂಬರ್ 7ರಂದು ಐಫೋನ್ 7 ಬಂತು, ಇಯರ್‌ಫೋನಿನ 3.5 ಮಿಲಿಮೀಟರ್ ತೂತು ಹೋಯಿತು. ಮುಂದೆ ಸಾಗಲು ಧೈರ್ಯ ಬೇಕು ಎಂದು ವೇದಿಕೆಯ ಮೇಲಿದ್ದ ಆ್ಯಪಲ್ ಅಧಿಕಾರಿ ಫಿಲ್ ಶಿಲ್ಲರ್ ಸಮರ್ಥಿಸಿಕೊಂಡರು. ಒಳಗೆ ಜಾಗ ಉಳಿಯುತ್ತದೆ, ನೀರು ನುಗ್ಗದಂತೆ ತಡೆಯುವುದು ಸುಲಭ ಎಂಬ ಕಾರಣಗಳೂ ಕೇಳಿಬಂದವು. ಜಾಗದ ಮಾತು ಒಪ್ಪತಕ್ಕದ್ದೇ. ನೀರಿನ ಮಾತು ಅಷ್ಟು ಗಟ್ಟಿಯಲ್ಲ. ಆ ವರ್ಷದ ಗ್ಯಾಲಕ್ಸಿ ಎಸ್7 ತೂತನ್ನೂ ಇಟ್ಟುಕೊಂಡು ಐಫೋನ್ 7ಕ್ಕಿಂತ ಮೇಲಿನ ದರ್ಜೆಯ ಜಲನಿರೋಧಕತೆ ಪಡೆದಿತ್ತು. ಅದೇ ದಿನ ಅದೇ ವೇದಿಕೆಯಲ್ಲಿ ತಂತಿಯಿಲ್ಲದ ಏರ್‌ಪಾಡ್ಸ್ ಪ್ರಕಟವಾಯಿತು. ಭಾರತದಲ್ಲಿ ಅದರ ಬೆಲೆ 15,400 ರೂಪಾಯಿ. ತೂತು ಮುಚ್ಚಿದ್ದಕ್ಕೂ ಕಿವಿಗೆ ಹೊಸ ಸರಕು ಬಂದದ್ದಕ್ಕೂ ಸಂಬಂಧವೇ ಇಲ್ಲವೆಂದು ನಂಬುವವರು ನಂಬಲಿ. ಆ್ಯಪಲ್ ಅನ್ನು ಗೇಲಿ ಮಾಡಿ ಜಾಹೀರಾತು ಹೊರಡಿಸಿದ್ದ ಸ್ಯಾಮ್ಸಂಗ್ ಕೂಡ 2019ರಲ್ಲಿ ನೋಟ್ 10ರಿಂದ ತೂತು ತೆಗೆದುಹಾಕಿತು.

ತೂತು ಹೋದಾಗ ಇನ್ನೊಂದು ಸೌಲಭ್ಯವೂ ಅದರ ಹಿಂದೆಯೇ ಹೋಯಿತು, ಅದನ್ನು ಗಮನಿಸಿದವರು ಕಡಿಮೆ. ಎಫ್‌ಎಂ ರೇಡಿಯೊ ತರಂಗಗಳ ಉದ್ದ ಸುಮಾರು ಮೂರು ಮೀಟರ್. ಅವನ್ನು ಚೆನ್ನಾಗಿ ಹಿಡಿಯಲು ಅದರ ನಾಲ್ಕನೇ ಒಂದು ಭಾಗ, ಅಂದರೆ ಮುಕ್ಕಾಲು ಮೀಟರ್‌ನಷ್ಟಾದರೂ ಉದ್ದದ ಆಂಟೆನಾ ಬೇಕು. ಒಂದು ಗೇಣಿನ ಫೋನಿನೊಳಗೆ ಅಷ್ಟು ಜಾಗ ಎಲ್ಲಿದೆ? ಇಯರ್‌ಫೋನಿನ ತಂತಿಯೇ ಆಂಟೆನಾದ ಕೆಲಸ ಮಾಡುತ್ತಿತ್ತು. ರೇಡಿಯೊ ಕೇಳಲು ಇಯರ್‌ಫೋನ್ ಸಿಕ್ಕಿಸಿ ಎಂದು ಫೋನ್ ಕೇಳುತ್ತಿದ್ದುದು ಅದಕ್ಕೇ. ತಂತಿ ಹೋದ ಮೇಲೆ ಆಕಾಶವಾಣಿಯೂ ಡೇಟಾ ಖರ್ಚು ಮಾಡಿ ಆ್ಯಪ್‌ನಲ್ಲಿ ಕೇಳುವ ಕಾರ್ಯಕ್ರಮವಾಯಿತು.

ಡೇಟಾ ಇದ್ದಾಗ ಇದು ಸಣ್ಣ ನಷ್ಟ. ಪ್ರವಾಹ, ಚಂಡಮಾರುತದಲ್ಲಿ ಮೊಬೈಲ್ ಗೋಪುರಗಳು ಸತ್ತಾಗ ಸಣ್ಣದಲ್ಲ. 2017ರಲ್ಲಿ ಸಾಲುಸಾಲು ಚಂಡಮಾರುತಗಳು ಅಮೆರಿಕವನ್ನು ಬಡಿದಾಗ ಅಲ್ಲಿನ ಸಂವಹನ ಆಯೋಗದ ಅಧ್ಯಕ್ಷರಾಗಿದ್ದ ಭಾರತ ಮೂಲದ ಅಜಿತ್ ಪೈ, ಐಫೋನ್‌ಗಳಲ್ಲಿ ಎಫ್‌ಎಂ ಚಾಲೂ ಮಾಡಿ ಎಂದು ಆ್ಯಪಲ್‌ಗೆ ಬಹಿರಂಗವಾಗಿ ಮನವಿ ಮಾಡಿದರು. ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ಪೇ ಇಲ್ಲ, ಆಂಟೆನಾವೂ ಇಲ್ಲ ಎಂದು ಕಂಪನಿ ಉತ್ತರಿಸಿತು. 2023ರ ಏಪ್ರಿಲ್‌ನಲ್ಲಿ ನಮ್ಮ ಕೇಂದ್ರ ಸರ್ಕಾರವೂ ವಿಪತ್ತಿನ ಕಾರಣವನ್ನೇ ಮುಂದಿಟ್ಟು, ಎಫ್‌ಎಂ ಸೌಲಭ್ಯವಿರುವ ಫೋನ್‌ಗಳಲ್ಲಿ ಅದನ್ನು ನಿಷ್ಕ್ರಿಯ ಮಾಡಬೇಡಿ ಎಂದು ತಯಾರಕರಿಗೆ ಸಲಹೆ ಕಳಿಸಿತು.

ಹಗುರಾದ ಡಬ್ಬ

2020ರ ಅಕ್ಟೋಬರ್‌ನಲ್ಲಿ ಐಫೋನ್ 12ರ ಡಬ್ಬದಿಂದ ಚಾರ್ಜರ್ ಮಾಯವಾಯಿತು. ಪರಿಸರಕ್ಕಾಗಿ ಎಂದಿತು ಕಂಪನಿ. ಡಬ್ಬ ಚಿಕ್ಕದಾದರೆ ಸಾಗಣೆಯ ಒಂದು ಹಲಗೆಯ ಮೇಲೆ ಶೇಕಡಾ 70ರಷ್ಟು ಹೆಚ್ಚು ಡಬ್ಬ ಜೋಡಿಸಬಹುದು, ಮನೆಗಳಲ್ಲಿ ಚಾರ್ಜರ್‌ಗಳು ಈಗಾಗಲೇ ಬಿದ್ದಿವೆ ಎಂಬುದು ವಾದ. ವಾದದಲ್ಲಿ ಸತ್ವವಿದೆ. ಬಳಕೆಯಾಗದೆ ಎಸೆಯುವ ಚಾರ್ಜರ್‌ಗಳ ಕಸ ಯುರೋಪಿನಲ್ಲೇ ವರ್ಷಕ್ಕೆ 11,000 ಟನ್‌ವರೆಗೆ ಇದೆಯೆಂದು ಯುರೋಪಿಯನ್ ಆಯೋಗ ಅಂದಾಜಿಸಿತ್ತು. ತೊಡಕು ಇದ್ದದ್ದು ಡಬ್ಬದೊಳಗಿನ ಕೇಬಲ್‌ನಲ್ಲಿ. ಚಾರ್ಜರ್ ಕಡೆಗಿನ ಅದರ ತುದಿ ಟೈಪ್-ಸಿ. ಐಫೋನ್ ಬಳಸುತ್ತಿದ್ದ ಬಹುತೇಕರ ಮನೆಯಲ್ಲಿದ್ದ ಹಳೆಯ ಚಾರ್ಜರ್‌ಗಳಿಗೆ ಇದ್ದದ್ದು ಅಗಲ ಬಾಯಿಯ ಹಳೆಯ ಯುಎಸ್‌ಬಿ ಕಿಂಡಿ. ಮನೆಯ ಚಾರ್ಜರ್‌ಗೆ ಹೊಸ ಕೇಬಲ್ ಕೂರದು. ಹೊಸ ಚಾರ್ಜರ್‌ನ ಬೆಲೆ 1,900 ರೂಪಾಯಿ.

ಆಮೇಲಿನದು ಎಲ್ಲ ಮೊಬೈಲ್ ಅಂಗಡಿಗಳೂ ಕಂಡ ದೃಶ್ಯ. ‘ಚಾರ್ಜರ್ ಎಲ್ಲಪ್ಪಾ?’ ‘ಬರಲ್ಲ ಸಾರ್, ಬೇರೆ ತಗೋಬೇಕು. ಒರಿಜಿನಲ್ ಕೊಡ್ಲಾ, ಲೋಕಲ್ಲಾ?’ ಈ ಹೆಜ್ಜೆಯನ್ನು ಸಾಮಾಜಿಕ ಜಾಲತಾಣದಲ್ಲಿ ಲೇವಡಿ ಮಾಡಿದ್ದ ಸ್ಯಾಮ್ಸಂಗ್ ಕೂಡ 2021ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್21ರ ಡಬ್ಬವನ್ನು ಹಗುರ ಮಾಡಿತು. ಅಗ್ಗದ ಫೋನ್ ಕೊಂಡವರಿಗೆ ಚಾರ್ಜರ್ ಉಚಿತ, ದುಬಾರಿ ಕೊಂಡವರಿಗೆ ಪರಿಸರ ಪಾಠ.

ಎಲ್ಲ ದೇಶಗಳೂ ಇದನ್ನು ಸುಮ್ಮನೆ ನುಂಗಿಕೊಳ್ಳಲಿಲ್ಲ. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಗ್ರಾಹಕ ಸಂರಕ್ಷಣಾ ಸಂಸ್ಥೆ 2021ರಲ್ಲಿ ಆ್ಯಪಲ್‌ಗೆ ಸುಮಾರು 20 ಲಕ್ಷ ಡಾಲರ್ ದಂಡ ಹಾಕಿತು. 2022ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಮತ್ತೆ ದಂಡ ವಿಧಿಸಿ, ಚಾರ್ಜರ್ ಇಲ್ಲದ ಐಫೋನ್ ಮಾರಾಟಕ್ಕೇ ತಡೆ ಒಡ್ಡಿತು. ಫ್ರಾನ್ಸಿನಲ್ಲಿ ಫೋನಿನ ಜತೆ ಇಯರ್‌ಫೋನ್ ಕೊಡಲೇಬೇಕೆಂಬ ಕಾನೂನು ಆಗ ಇತ್ತು. ಹಾಗಾಗಿ ಬೇರೆಡೆ ಇಯರ್‌ಫೋನ್ ಇಲ್ಲದೆ ಬಂದ ಐಫೋನ್ 12 ಅಲ್ಲಿ ಮಾತ್ರ ಇಯರ್‌ಫೋನ್ ಸಮೇತ ಮಾರಾಟವಾಯಿತು. ಒಂದೇ ಕಂಪನಿ, ಒಂದೇ ಫೋನ್. ಕಾನೂನು ಕೇಳಿದ ಕಡೆ ಪರಿಸರದ ವಾದ ಪಕ್ಕಕ್ಕೆ ಸರಿಯಿತು.

ಎಲ್ಲೋ ಕೂತವರ ಅಗತ್ಯ

ಇನ್ನು ಕೆಲವು ಕೊರತೆಗಳಿಗೆ ಲಾಭದ ಆಸೆಗಿಂತ ದೂರ ಕಾರಣ. ಯಾವುದು ಅಗತ್ಯ ಎಂದು ನಿರ್ಧರಿಸುವವರು ನಮ್ಮ ರಸ್ತೆ, ನಮ್ಮ ಭಾಷೆ, ನಮ್ಮ ವ್ಯವಹಾರದಿಂದ ಬಹಳ ದೂರ ಇದ್ದಾರೆ.

ಕರೆ ರೆಕಾರ್ಡಿಂಗ್ ನೋಡಿ. ಅಡಿಕೆ ವ್ಯಾಪಾರಿಯ ಜತೆ ದರ ಮಾತಾಡುವ ಬೆಳೆಗಾರ, ಕೆಲಸ ಒಪ್ಪಿಸುವ ಮೇಸ್ತ್ರಿ, ವರದಿಗಾರ, ಇವರಿಗೆಲ್ಲ ಅದು ಬಾಯಿಮಾತಿಗೆ ಇರುವ ಒಂದೇ ದಾಖಲೆ. ಕ್ಯಾಲಿಫೋರ್ನಿಯಾ ಸೇರಿ ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಾತಾಡುವ ಎಲ್ಲರ ಒಪ್ಪಿಗೆಯಿಲ್ಲದೆ ಖಾಸಗಿ ಕರೆ ರೆಕಾರ್ಡ್ ಮಾಡುವುದು ಅಪರಾಧ. ಐಫೋನ್‌ಗೆ ಈ ಸೌಲಭ್ಯ 2024ರ ಅಕ್ಟೋಬರ್‌ವರೆಗೆ ಬರಲೇ ಇಲ್ಲ. ಬಂದದ್ದು ಇಬ್ಬರಿಗೂ ಕೇಳುವಂತೆ ಘೋಷಣೆ ಮಾಡಿಕೊಂಡು. ಗೂಗಲ್ 2022ರ ಮೇನಲ್ಲಿ ತನ್ನ ಪ್ಲೇಸ್ಟೋರ್‌ನ ರೆಕಾರ್ಡಿಂಗ್ ಆ್ಯಪ್‌ಗಳ ದಾರಿ ಮುಚ್ಚಿತು; ಟ್ರೂಕಾಲರ್ ಆ ಸೌಲಭ್ಯ ನಿಲ್ಲಿಸಿತು. ಗೂಗಲ್‌ನ ಡಯಲರ್ ಇರುವ ಫೋನ್‌ಗಳಲ್ಲಿ ‘ಈ ಕರೆ ರೆಕಾರ್ಡ್ ಆಗುತ್ತಿದೆ’ ಎಂಬ ಧ್ವನಿ ಮೊಳಗಿದ ಕೂಡಲೇ ಆ ಕಡೆಯವರ ಮಾತಿನ ಧಾಟಿಯೇ ಬದಲಾಗುತ್ತದೆ. ಖಾಸಗಿತನದ ದೃಷ್ಟಿಯಿಂದ ಈ ಎಚ್ಚರಿಕೆ ಸರಿಯೆಂದು ವಾದಿಸಬಹುದು, ನಾನೂ ಅರ್ಧ ಒಪ್ಪುತ್ತೇನೆ. ಆದರೆ ಆ ಚರ್ಚೆ ಇಲ್ಲಿ ನಡೆಯಲೇ ಇಲ್ಲ. ಬೇರೆಡೆಯ ತೀರ್ಮಾನ ಅಪ್‌ಡೇಟ್ ರೂಪದಲ್ಲಿ ನಮ್ಮ ಕಿಸೆಗೆ ಬಂದು ಇಳಿಯಿತು.

2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಉದ್ಘಾಟನೆಯಾಯಿತು. 2020ರಿಂದಲೂ 5ಜಿ ಫೋನ್ ಎಂದೇ ಮಾರಿದ್ದ ಐಫೋನ್‌ಗಳು ಆ ದಿನ ಅದನ್ನು ಹಿಡಿಯಲಿಲ್ಲ. ಯಂತ್ರಾಂಶ ಸಿದ್ಧವಿತ್ತು, ಭಾರತದ ಜಾಲಕ್ಕೆ ತಂತ್ರಾಂಶದ ಬೀಗ ತೆಗೆದಿರಲಿಲ್ಲ. ಸ್ಯಾಮ್ಸಂಗ್‌ನ ಹಲವು ಮಾದರಿಗಳದ್ದೂ ಅದೇ ಪಾಡು. ಸರ್ಕಾರ ಕಂಪನಿಗಳ ಮೇಲೆ ಒತ್ತಡ ತಂದ ಬಳಿಕ ಅಪ್‌ಡೇಟ್‌ಗಳು ಬಂದವು. ಐಫೋನ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ. 2008ರಲ್ಲಿ ದೇಶ ಫೋನನ್ನು ಕಾಯಿಸಿತ್ತು, 2022ರಲ್ಲಿ ಫೋನ್ ದೇಶವನ್ನು ಕಾಯಿಸಿತು.

ಕೋವಿಡ್ ಕಾಲದಲ್ಲಿ ಮುಖ ನೋಡಿ ಬೀಗ ತೆಗೆಯುವ ಐಫೋನ್‌ಗಳು ಮಾಸ್ಕ್ ಮುಂದೆ ಸೋತವು. ಬೆರಳಚ್ಚಿನ ಅಗ್ಗದ ಫೋನ್‌ಗಳು ಆರಾಮಾಗಿ ತೆರೆದುಕೊಂಡವು. ಮಾಸ್ಕ್ ಹಾಕಿದ ಮುಖವನ್ನು ಐಫೋನ್ ಗುರುತಿಸುವುದು ಕಲಿತದ್ದು 2022ರ ಮಾರ್ಚ್‌ನಲ್ಲಿ, ಅದೂ ಐಫೋನ್ 12 ಮತ್ತು ನಂತರದವು ಮಾತ್ರ.

ಇನ್ನು ಕನ್ನಡ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಲ್ಲಿ ಇಡೀ ಫೋನನ್ನೇ ಕನ್ನಡಕ್ಕೆ ತಿರುಗಿಸಿಕೊಳ್ಳುವ ಸೌಲಭ್ಯ ಇತ್ತು. ಆರೂವರೆ ಸಾವಿರದ ಆಸುಪಾಸಿನ ಆಂಡ್ರಾಯ್ಡ್ ಒನ್ ಫೋನ್‌ಗಳಿಗೂ ಅದು ತಲುಪಿತು. ಭಾರತದಲ್ಲಿ ಮಾರುವ ಎಲ್ಲ ಫೋನ್‌ಗಳಲ್ಲೂ 22 ಭಾಷೆಗಳನ್ನು ಓದಲು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಬರೆಯಲು ಅವಕಾಶ ಇರಲೇಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಐಫೋನ್‌ಗೆ ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂತು. ಭಾರತದಲ್ಲಿ ಮೊದಲ ಸಲ ಐಫೋನ್ ಜೋಡಿಸುವ ಕೆಲಸ ಶುರುವಾದದ್ದೂ ಅದೇ ವರ್ಷ, ಬೆಂಗಳೂರಿನ ಪೀಣ್ಯದ ವಿಸ್ಟ್ರಾನ್ ಘಟಕದಲ್ಲಿ. ಮುಂದೆ ಕೋಲಾರದ ನರಸಾಪುರ, ಈಗ ದೇವನಹಳ್ಳಿ. ಆದರೂ ಐಫೋನಿನ ಸೆಟ್ಟಿಂಗ್ಸ್, ಸೂಚನೆಗಳೆಲ್ಲ ಕನ್ನಡದಲ್ಲಿ ಕಾಣಿಸಿಕೊಂಡದ್ದು 2025ರಲ್ಲಿ. ಕರ್ನಾಟಕದ ಕೈಗಳು ಐಫೋನ್ ಜೋಡಿಸಲು ಕಲಿತ ಎಂಟು ವರ್ಷಕ್ಕೆ ಐಫೋನ್ ಕನ್ನಡ ಕಲಿಯಿತು.

ಕೇಳಿದರೆ ಬರುತ್ತದೆ

ಹಾಗಾದರೆ ಗ್ರಾಹಕನ ಪಾಲಿಗೆ ಉಳಿದದ್ದು ಗೊಣಗಾಟವೇ? ಕಾಣೆಯಾದದ್ದು ಯಾವಾಗ ಮರಳಿ ಬಂತು ಎಂಬುದನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಕಡ್ಡಾಯ ಮಾಡುವ ಕಾನೂನನ್ನು ಯುರೋಪ್ 2022ರಲ್ಲಿ ಅಂಗೀಕರಿಸಿತು. ಹೊಸ ಆವಿಷ್ಕಾರಕ್ಕೆ ಕುತ್ತು ಎಂದು ಆ್ಯಪಲ್ ವರ್ಷಗಟ್ಟಲೆ ವಿರೋಧಿಸಿತ್ತು. 2024ರ ಡಿಸೆಂಬರ್ 28ರ ಗಡುವಿಗೆ ವರ್ಷಕ್ಕೂ ಮೊದಲೇ ಐಫೋನ್ 15 ಟೈಪ್-ಸಿ ಕಿಂಡಿಯೊಂದಿಗೆ ಬಂತು, ಯುರೋಪಿಗೆ ಮಾತ್ರವಲ್ಲ, ನಮಗೂ. ನಮ್ಮ ಮಾನಕ ಬ್ಯೂರೊ ಟೈಪ್-ಸಿ ಮಾನದಂಡವನ್ನು 2023ರ ಜನವರಿಯಲ್ಲಿ ಪ್ರಕಟಿಸಿದೆ. ಯುರೋಪಿನ ಇನ್ನೊಂದು ಕಾನೂನಿನ ಪ್ರಕಾರ 2027ರ ಫೆಬ್ರುವರಿಯಿಂದ ಬ್ಯಾಟರಿಗಳನ್ನು ಬಳಕೆದಾರರೇ ಬದಲಿಸುವಂತಿರಬೇಕು. ದೀರ್ಘ ಬಾಳಿಕೆಯ ಬ್ಯಾಟರಿ ಇರುವ ಫೋನ್‌ಗಳಿಗೆ ವಿನಾಯಿತಿಯೂ ಉಂಟು. ಭಾರತದಲ್ಲಿ 5ಜಿ ಬಂದ ಬಗೆಯೂ ಇದನ್ನೇ ಹೇಳುತ್ತದೆ. ಚದುರಿದ ಬೈಗುಳಕ್ಕೆ ಅಲ್ಲಾಡದ ಕಂಪನಿ, ಕಾನೂನು ಅಥವಾ ಮಾರಾಟದ ಅಂಕಿ ಎದುರು ನಿಂತರೆ ತಾನೇ ದಾರಿ ಹುಡುಕುತ್ತದೆ.

ಕಾನೂನು ಬರುವ ತನಕ ಅಂಗಡಿಯ ಗಾಜಿನ ಮೇಜಿನ ಮುಂದೆ ನಮ್ಮ ಕೈಲಾಗುವುದು ಬಹಳವಿದೆ. ವಿಚಿತ್ರವೆಂದರೆ ಹತ್ತು ಸಾವಿರದ ಫೋನ್ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು, ಲಕ್ಷದ ಫೋನ್ ಕೊಳ್ಳುವಾಗ ‘ಇಷ್ಟು ಬೆಲೆಗೆ ಎಲ್ಲ ಇದ್ದೇ ಇರುತ್ತದೆ’ ಎಂದು ಸುಮ್ಮನಾಗುತ್ತೇವೆ. ಪ್ರಶ್ನೆಗಳು ಸರಳ. ಡಬ್ಬದಲ್ಲಿ ಏನೇನಿದೆ? ಎರಡು ಸಿಮ್ ಹಾಕಬಹುದೇ, ಇಲ್ಲ ಒಂದು ಇ-ಸಿಮ್ ಆಗಬೇಕೇ? 2025ರ ಐಫೋನ್ ಏರ್‌ನಲ್ಲಿ ಸಿಮ್ ತಟ್ಟೆಯೇ ಇಲ್ಲ. ಕಾರ್ಡ್ ಹಾಕುವಂತಿಲ್ಲದಿದ್ದರೆ ಈ ಜಿಬಿ ನಾಲ್ಕು ವರ್ಷಕ್ಕೆ ಸಾಕೇ? ಕರೆ ರೆಕಾರ್ಡ್ ಆಗುತ್ತದೆಯೇ, ಘೋಷಣೆ ಮಾಡುತ್ತದೆಯೇ? ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಭರವಸೆ ಕೊಟ್ಟಿವೆ, ಉಳಿದವರನ್ನು ಅದೇ ಅಳತೆಗೋಲಿನಿಂದ ಅಳೆಯಬಹುದು. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ, ಸರ್ವಿಸ್ ಸೆಂಟರ್ ನಮ್ಮೂರಲ್ಲಿದೆಯೋ ಬೆಂಗಳೂರಿಗೆ ಬಸ್ ಹತ್ತಬೇಕೋ? ಬಾಯಿಮಾತಿಗೆ ಬಿಡದೆ ಅಲ್ಲೇ ಫೋನ್ ತೆರೆಸಿ ನೋಡುವುದು ಲೇಸು. ಜಾಹೀರಾತು ಅಥವಾ ಡಬ್ಬದ ಮೇಲೆ ಹೇಳಿದ್ದು ಫೋನಿನಲ್ಲಿ ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹೇಳದೇ ಬಿಟ್ಟದ್ದಕ್ಕೆ ಮಾತ್ರ ಅಂಥ ಆಸರೆ ಸಿಗುವುದು ಕಷ್ಟ. ಕೊಳ್ಳುವ ಮೊದಲೇ ಕೇಳಬೇಕಾದದ್ದು ಅದಕ್ಕೇ.

ತೆಗೆದದ್ದೆಲ್ಲ ಅನ್ಯಾಯವಲ್ಲ ಎಂಬುದನ್ನೂ ಒಪ್ಪಬೇಕು. ಸೀಲ್ ಮಾಡಿದ ಫೋನ್ ಮಳೆಯಲ್ಲಿ ಬದುಕುತ್ತದೆ, ತಂತಿಯ ಗಂಟು ಬಿಡಿಸುವ ಕೆಲಸ ತಪ್ಪಿದೆ. ಯಾವುದು ಬೇಕು, ಯಾವುದು ಬೇಡ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಬೆಲೆ ಹೆಚ್ಚಿದ್ದರೆ ಅಗತ್ಯಗಳೆಲ್ಲ ತಂತಾನೇ ಅದರೊಳಗೆ ಸೇರಿರುತ್ತವೆ ಎಂಬ ನಂಬಿಕೆಯನ್ನು ಬಿಟ್ಟು, ತನಗೆ ಬೇಕಾದ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವವರು ಮೋಸಹೋಗುವುದು ಕಡಿಮೆ. ‘ಇದ್ರಲ್ಲಿ ಬರಲ್ಲ ಸಾರ್’ ಎಂಬ ಉತ್ತರಕ್ಕೆ ‘ಹಾಗಾದ್ರೆ ಬರೋದನ್ನ ತೋರ್ಸಪ್ಪಾ’ ಎನ್ನುವ ಗಿರಾಕಿಗಳು ಹೆಚ್ಚಿದಷ್ಟೂ, ಮುಂದಿನ ವರ್ಷದ ಫೋನಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರ ಲೆಕ್ಕದಲ್ಲಿ ನಮ್ಮದೂ ಒಂದು ಸಾಲು ಸೇರುತ್ತದೆ.